ಹದಿಮೂರು ಹೆಬ್ಬೆಟ್ಟು

ಅವಲಕ್ಕಿಗೆ ಹುರಿದ ಭತ್ತ ಯಾರಿಗಾಗಿಯೂ ಕಾಯುವುದಿಲ್ಲ. ಹುರಿಯುವ ಓಡಿನಿಂದ ಒರಳಿಗೆ ಸುರಿದ ಕೂಡಲೇ ಒನಕೆ ಬೀಳಬೇಕು. ಆರಿತೆಂದರೆ ನುಚ್ಚಾಗಿ ಹೋಗುತ್ತದೆ, ಕುಟ್ಟಿಸಿಕೊಂಡವರು ಕೂಲಿ ಹಿಡಿಯುತ್ತಾರೆ. ಆದ್ದರಿಂದ ಕನ್ನಮ್ಮನ ಮನೆಯಲ್ಲಿ ಬೆಳಗಿನ ಆ ಹೊತ್ತು ಯಾರೂ ಮಾತಾಡುತ್ತಿರಲಿಲ್ಲ. ಒಂದು ಒನಕೆ ಕನ್ನಮ್ಮನದು, ಇನ್ನೊಂದು ಅವಳ ಅತ್ತೆ ಬೆಳ್ಳಮ್ಮನದು. ಒಂದು ಏರುವಾಗ ಇನ್ನೊಂದು ಇಳಿಯಬೇಕು. ಆ ಸಂದಿನಲ್ಲಿ ಹತ್ತು ವರ್ಷದ ದುರ್ಗಿ, ಕೈಗೆ ಪೆಟ್ಟಾಗದ ಹಾಗೆ, ಕೋಲಾಡಿಸಿ ಕಾಳು ತಿರುವಬೇಕು. ಮೂವರ ಉಸಿರೂ ಒಂದೇ ಹದಕ್ಕೆ ಬಂದಿದ್ದಾಗ ಬೇಲಿಯಾಚೆ ಪೋಸ್ಟಿನವನ ಸೈಕಲ್ಲಿನ ಗಂಟೆ ಕೇಳಿಸಿತು.

"ಬೆಳ್ಳಮ್ಮ, ರಿಜಿಸ್ಟರ್ ಬಂದದೆ. ಬಂದು ಹೆಬ್ಬೆಟ್ಟು ಒತ್ತು."

"ಈ ಒಬ್ಬೆ ಮುಗೀಲಿ ಮಾರಾಯ," ಬೆಳ್ಳಮ್ಮ ಒನಕೆ ನಿಲ್ಲಿಸದೆ ಅಂದಳು.

"ನಿಮ್ಮ ಒಬ್ಬೆ ಮುಗಿಯೋವರೆಗೆ ನಿಂತ್ರೆ ಹೊಸನಗರದ ಟಪಾಲೆಲ್ಲ ಸಂಕ್ರಾಂತಿಗೆ ಮುಟ್ಟುತ್ತೆ. ಸಾಗರದ ಬ್ಯಾಂಕಿಂದು. ಬೇಡ ಅಂದ್ರೆ ವಾಪಸ್ ಕಳಿಸ್ತೀನಿ."

ಬ್ಯಾಂಕು ಎಂದದ್ದೇ ತಡ, ಕನ್ನಮ್ಮನ ಒನಕೆ ತಪ್ಪಿ ಒರಳಿನ ಅಂಚಿಗೆ ಬಡಿಯಿತು. ಹಿತ್ತಲಲ್ಲಿ ಇದ್ದಲಿನಿಂದ ಹಲ್ಲುಜ್ಜುತ್ತಿದ್ದ ಹುಲಿಯಪ್ಪ ಬಾಯಿ ಮುಕ್ಕಳಿಸದೆಯೇ ಓಡಿಬಂದು, ತಾಯಿಯ ಹೆಬ್ಬೆಟ್ಟು ಒತ್ತಿಸಿ, ಲಕೋಟೆಯನ್ನು ತಾನೇ ಹರಿದ. ಅರ್ಧಂಬರ್ಧ ಇಂಗ್ಲಿಷು ಬಲ್ಲ ಪೋಸ್ಟಿನವನು ಕಾಗದದ ಮೇಲೆ ಬೆರಳಿಟ್ಟು ಓದಿದ.

"ನಾನೂರ ಹನ್ನೆರಡು ರೂಪಾಯಿ. ಬೆಳ್ಳಮ್ಮನಿಗೆ ಕೊಡ್ತಾರಂತೆ. ಮೂವತ್ತು ದಿನದೊಳಗೆ ಈ ಫಾರಮ್ಮಿಗೆ ಹೆಬ್ಬೆಟ್ಟು ಹಾಕಿ ಒಪ್ಪಿಸ್ಬೇಕು. ನಿಮ್ದೇ ಸುಖ ಮಾರಾಯ್ರೆ."

ಒರಳಿನಲ್ಲಿದ್ದ ಭತ್ತ ಆರಿಹೋಗಿತ್ತು.

ಆ ಹಣದ ಹಿಂದಿನ ಕಥೆ ಹೀಗೆ. ಶರಾವತಿಗೆ ಅಣೆಕಟ್ಟು ಕಟ್ಟಿ ಕಾನುಗೋಡು ಮುಳುಗಿದಾಗ ಅಲ್ಲಿದ್ದ ಹದಿಮೂರು ಮನೆಯವರಿಗೆ ಸರ್ಕಾರ ಪರಿಹಾರದ ಚೆಕ್ಕು ಕೊಟ್ಟಿತು. ಎಲ್ಲರನ್ನೂ ಒಂದೇ ಲಾರಿಯಲ್ಲಿ ಸಾಗರಕ್ಕೆ ಕರೆದೊಯ್ದು ಒಂದೇ ದಿನ ಬ್ಯಾಂಕಿನಲ್ಲಿ ಖಾತೆ ತೆರೆಸಿದರು. ಒಂದು ಕಾಸೂ ಕಡಿಮೆಯಾಗುವುದಿಲ್ಲ ಎಂದು ಅಮಲ್ದಾರರು ಮೇಜು ಕುಟ್ಟಿ ಹೇಳಿದ್ದರು. ಆಮೇಲೆ ಊರು ಚದುರಿತು. ಕನ್ನಮ್ಮನ ಮನೆಯೊಂದೇ ಹೊಸನಗರದ ಕಡೆ, ಮೂರು ತೀರ್ಥಹಳ್ಳಿಗೆ, ಉಳಿದವು ಶಿಕಾರಿಪುರಕ್ಕೋ ಸೊರಬಕ್ಕೋ. ಪರಿಹಾರದ ಹಣ ಮನೆ ಕಟ್ಟುವುದರಲ್ಲಿ, ಕಾಯಿಲೆಯಲ್ಲಿ ಕರಗಿತು. ಉಳಿದ ಚಿಲ್ಲರೆಯ ಜೊತೆಗೆ ಅವಲಕ್ಕಿ ಕುಟ್ಟಿದ ಕೂಲಿಯನ್ನು ಕನ್ನಮ್ಮ ಅತ್ತೆಯ ಖಾತೆಗೆ ಹಾಕುತ್ತಿದ್ದಳು. ಮೂರನೇ ಇಯತ್ತೆ ಓದಿದವಳು. ಒಂದು ದಿನ ಪಾಸ್‌ಬುಕ್ಕು ಮಗುಚುವಾಗ ತಾವು ತೆಗೆಯದ ಕಡೆಯಲ್ಲೂ ತೆಗೆದ ಗುರುತು ಕಂಡಳು. ಚೆಕ್ಕು ವಸೂಲು ಮಾಡಿಕೊಟ್ಟದ್ದಕ್ಕೆ ಇಷ್ಟು, ಖಾತೆಯಲ್ಲಿ ಹಣ ಕಡಿಮೆಯಿದೆ ಎಂದು ಆರು ತಿಂಗಳಿಗೊಮ್ಮೆ ಇಷ್ಟು. ಒಟ್ಟು ಮೂವತ್ತೊಂದೂವರೆ ರೂಪಾಯಿ ಬ್ಯಾಂಕೇ ಕಡಿದುಕೊಂಡಿತ್ತು.

ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆಯುವ ಸುಬ್ಬಕೃಷ್ಣಯ್ಯನವರು ಪುಸ್ತಕ ನೋಡಿ, "ಕಡಿದದ್ದು ವಾಪಸ್ ಕೊಡಿ ಅಂತ ನಿನ್ನೊಬ್ಬಳದು ಬರೆದ್ರೆ ಕಸದ ಬುಟ್ಟಿಗೆ ಹೋಗುತ್ತೆ. ನಿಮ್ಮೂರೋರ್ನೆಲ್ಲ ಸೇರ್ಸು," ಅಂದಿದ್ದರು. ಬಾಯಿಂದ ಬಾಯಿಗೆ ಸುದ್ದಿ ಹೋಗಿ ಒಂದು ಸಂತೆಯ ದಿನ ಹದಿಮೂರು ಮನೆಯವರೂ ಬಂದು ಕೂತರು. ಮೊದಲ ಹೆಬ್ಬೆಟ್ಟು ಯಾರದು ಎಂದು ಸುಬ್ಬಕೃಷ್ಣಯ್ಯನವರು ಕೇಳಿದಾಗ ಎಲ್ಲರೂ ಬೆಳ್ಳಮ್ಮನ ಮುಖ ನೋಡಿದರು. ಕಾನುಗೋಡಿನಲ್ಲಿ ಮೊದಲ ಹಿಡಿ ಬಿತ್ತನೆ ಅವಳ ಕೈಯದು, ಕೊಯ್ಲಿಗೆ ಮೊದಲ ಕುಡುಗೋಲು ಅವಳದು, ಮದುವಣಗಿತ್ತಿಯ ಉಡಿಗೆ ಮೊದಲ ಅಕ್ಕಿಯೂ ಅವಳದು. ಕೈಗುಣ ಅಷ್ಟು ಒಳ್ಳೆಯದು. ಹಾಗಾಗಿ ಅರ್ಜಿಯ ನೆತ್ತಿಯ ಮೇಲೆ ಬೆಳ್ಳಮ್ಮನ ಹೆಸರು ಬಂತು, ಉಳಿದ ಹನ್ನೆರಡು ಅದರ ಕೆಳಗೆ.

ಅದಾಗಿ ಎಂಟು ತಿಂಗಳಿಗೆ ಈ ಕಾಗದ.

ಹುಲಿಯಪ್ಪ ಆ ದಿನ ಡಿಪೋಕ್ಕೆ ಮೂಟೆ ಹೊರಲು ಹೋಗಲಿಲ್ಲ. ಕೋಳಿ ತಂದ. ಮಧ್ಯಾಹ್ನ ಕಡುಬಿನ ಮೇಲೆ ಸಾರು ಸುರಿದುಕೊಂಡು ತಾಯಿಯ ತಟ್ಟೆಗೆ ತಾನೇ ಕಾಲಿನ ತುಂಡು ಹಾಕಿದ.

"ತಿನ್ನವ್ವ. ಕೈಗುಣ ಕೈಗುಣ ಅಂತಿದ್ರಲ್ಲ, ಇದೇ ನೋಡು. ರಿಪ್ಪನ್‌ಪೇಟೆಲಿ ಗಾಡಿ ಹೊಡೆಯೋ ಮಹಾಗಣಪತಿ ತನ್ನ ಗಾಡಿನೂ ಎತ್ತಿನ ಜೋಡಿನೂ ನಾನೂರಕ್ಕೆ ಬಿಡ್ತಾನಂತೆ. ಊರು ಬಿಡುವಾಗ ಮಾರಿದ ಎತ್ತು ನಂಗೆ ಇನ್ನೂ ಕನಸಲ್ಲಿ ಬರ್ತಾವೆ. ಇನ್ನೊಬ್ಬನ ಮೂಟೆ ಹೊತ್ತು ಸಾಕಾತು."

ಬೆಳ್ಳಮ್ಮ ಮಗನ ಮುಖದಲ್ಲಿ ಆ ಬೆಳಕನ್ನು ಮೂರು ವರ್ಷದಿಂದ ಕಂಡಿರಲಿಲ್ಲ. ತುಂಡು ಕಚ್ಚಿದಳು. ಕನ್ನಮ್ಮನಿಗೂ ಗಂಡನ ನಗು ನೋಡಿ ಮನಸ್ಸು ಸಡಿಲಾಗಿತ್ತು, ಆದರೆ ಲೆಕ್ಕ ಗಂಟಲಲ್ಲಿ ಮೂಳೆಯ ಹಾಗೆ ಅಡ್ಡ ನಿಂತಿತ್ತು.

"ನಮ್ಮಿಂದ ಕಡ್ದಿದ್ದು ಮೂವತ್ತೊಂದೂವರೆ," ಎಂದಳು. "ನಾನೂರು ಹೆಂಗೆ ಬರುತ್ತೆ?"

"ಬ್ಯಾಂಕಿನೋರಿಗೆ ಲೆಕ್ಕ ನಿನ್ನಷ್ಟು ಬರಲ್ಲ, ಪಾಪ."

"ಹದಿಮೂರು ಮನೇದೂ ಸೇರ್ಸಿದಾರೆ ಅನ್ಸುತ್ತೆ. ಒಂದ್ಸಲ ಸುಬ್ಬಕೃಷ್ಣಯ್ಯನೋರಿಗೆ ತೋರ್ಸಿ..."

"ಊಟ ಮಾಡೇ."

"ಊರಲ್ಲಿ ನಮ್ಮ ಪಕ್ಕದಲ್ಲಿದ್ದ ಹೂವಯ್ಯಣ್ಣಂದೂ ಇರುತ್ತೆ ಅದ್ರಲ್ಲಿ. ನಾಳೆ ಅವ್ರು ಕೇಳಿದ್ರೆ..."

ಕಂಚಿನ ಚೊಂಬು ಬಂದದ್ದು ಕನ್ನಮ್ಮನಿಗೆ ಕಾಣಲಿಲ್ಲ. ಹುಬ್ಬಿನ ಮೇಲೆ ಬಡಿದು, ಗೋಡೆಗೆ ತಾಗಿ, ಉರುಳುತ್ತ ಒಲೆಯ ಹತ್ತಿರ ಹೋಗಿ ನಿಂತಿತು. ರಕ್ತ ಕಡುಬಿನ ಮೇಲೆ ಎರಡು ಹನಿ ಬಿತ್ತು. ಅವಳು ಮೊದಲು ಮಾಡಿದ ಕೆಲಸವೆಂದರೆ, ದುರ್ಗಿ ನೋಡುವ ಮುಂಚೆ ಆ ಕಡುಬನ್ನು ಮಗುಚಿ ಹಾಕಿದ್ದು.

"ತಿನ್ನೋ ಹೊತ್ತಿಗೆ ಕೈ ಎತ್ತಬ್ಯಾಡ," ಬೆಳ್ಳಮ್ಮ ಅಂದಳು.

"ತಿನ್ನೋ ಹೊತ್ತಿಗೆ ಬಾಯಿ ಬಿಡಬ್ಯಾಡ ಅಂತ ನಿನ್ನ ಸೊಸೆಗೆ ಹೇಳು," ಹುಲಿಯಪ್ಪ ಇನ್ನೊಂದು ಕಡುಬು ಮುರಿದ.

ಮರುದಿನ ಕಾಗದ ಹಿಡಿದು ತಾಲ್ಲೂಕು ಕಚೇರಿಗೆ ಅವನೇ ಹೋದ. ಫಾರಮ್ಮಿಗೆ ಸಾಕ್ಷಿ ರುಜು ಬೇಕಾಗಿತ್ತು. ತಾಯಿ, ಹೆಂಡತಿ ಹಿಂದೆ ನಡೆದರು. ಸುಬ್ಬಕೃಷ್ಣಯ್ಯನವರು ಕನ್ನಮ್ಮನ ಹುಬ್ಬಿಗೆ ಮೆತ್ತಿದ ಅರಿಸಿನ ನೋಡಿದರು. ಕಾಗದವನ್ನು ಎರಡು ಸಲ ಓದಿದರು.

"ಇದು ತಪ್ಪಾಗಿದೆ ಹುಲಿಯಪ್ಪ. ಅರ್ಜಿಯಲ್ಲಿ ಬೆಳ್ಳಮ್ಮ ಮತ್ತು ಇತರರು ಅಂತ ಇತ್ತಲ್ಲ. ಅವರ ದೊಡ್ಡ ಕಚೇರಿಯವ್ರು ಇತರರನ್ನ ಬಿಟ್ಟು ಎಲ್ಲ ಖಾತೆನೂ ಬೆಳ್ಳಮ್ಮಂದೇ ಅಂತ ತಿಳ್ಕೊಂಡಿದಾರೆ. ಹದಿಮೂರು ಮನೆಯಿಂದ ಕಡಿದದ್ದನ್ನೆಲ್ಲ ಕೂಡಿ ಈಕೆಗೆ ಕೊಡ್ತಿದಾರೆ."

"ಕೊಡ್ತೀನಿ ಅನ್ನೋರ ಕೈ ಹಿಡಿಯೋಕೆ ನಾವ್ಯಾರು?"

"ಪೂರ್ತಿ ಕೇಳು. ಇದಕ್ಕೆ ಹೆಬ್ಬೆಟ್ಟು ಬಿದ್ರೆ ಅರ್ಜಿ ಅಲ್ಲಿಗೆ ಮುಗೀತು. ಉಳಿದ ಹನ್ನೆರಡು ಜನ ನಾಳೆ ಹೋಗಿ ಕೇಳಿದ್ರೆ, ನಿಮ್ಮ ವ್ಯಾಜ್ಯ ತೀರಿದೆ ಅಂತಾರೆ. ಬ್ಯಾಂಕಿನವ್ರಿಗೇ ತಪ್ಪು ಗೊತ್ತಾದ್ರೆ ನಿಮ್ಮಮ್ಮನ್ನೇ ಹಿಡೀತಾರೆ. ಹೀಗೆ ಕೊಟ್ಟದ್ದು ತಪ್ಪು, ಹದಿಮೂರು ಖಾತೆಗೂ ಬೇರೆ ಬೇರೆ ಹಾಕಿ ಅಂತ ಈಗ್ಲೇ ಬರೆದುಕೊಡ್ತೀನಿ. ನನಗೆ ಕಾಸು ಬೇಡ. ಬೆಳ್ಳಮ್ಮ ಒಂದು ಹೆಬ್ಬೆಟ್ಟು ಹಾಕಿದ್ರೆ ಸಾಕು."

"ನೀವು ಸಾಕ್ಷಿ ರುಜು ಹಾಕಿ ಅಯ್ಯ. ಬಾಕಿ ಮಾತು ಬೇಡ."

"ಹಾಕಲ್ಲ."

ಹುಲಿಯಪ್ಪ ಅವರ ಸಣ್ಣ ಮೇಜನ್ನು ಕಾಲಿಂದ ಒದ್ದ. ಶಾಯಿ ಕುಡಿಕೆ ಒಡೆದು ಅವರ ಪಂಚೆ ನೀಲಿಯಾಯಿತು. ಸುತ್ತ ಕೂತಿದ್ದವರು ಎದ್ದರು, ಒಬ್ಬ ಹುಲಿಯಪ್ಪನ ಕುತ್ತಿಗೆಪಟ್ಟಿ ಹಿಡಿದ, ಹುಲಿಯಪ್ಪ ಅವನ ಮೂಗಿಗೆ ಗುದ್ದಿದ. ಆ ಗಲಾಟೆಯಲ್ಲಿ ಬೆಳ್ಳಮ್ಮ ನೆಲಕ್ಕೆ ಬಿದ್ದಿದ್ದ ಕಾಗದ, ಫಾರಮ್ಮು ಎರಡನ್ನೂ ಎತ್ತಿ ಮಡಿಲಿಗೆ ಹಾಕಿಕೊಂಡು ಮನೆಯ ಕಡೆ ಹೊರಟಳು.

ಮನೆಗೆ ಬಂದವಳು ಸ್ನಾನ ಮಾಡಿದಳು. ಬಿಳಿ ಬಟ್ಟೆಯ ತುಂಡನ್ನು ಅರಿಸಿನದಲ್ಲಿ ಅದ್ದಿ, ಕಾಗದಗಳನ್ನೂ ಒಂದೂಕಾಲು ರೂಪಾಯಿಯನ್ನೂ ಅದರಲ್ಲಿ ಇಟ್ಟು ಮುಡಿಪು ಕಟ್ಟಿದಳು. ಊರು ಬಿಡುವಾಗ ಮಡಿಲಲ್ಲಿ ಹೊತ್ತು ತಂದಿದ್ದ ಊರದೇವತೆ ಚೌಡಿಯ ಕಲ್ಲಿನ ಮೇಲಿನ ಗೂಟಕ್ಕೆ ತೂಗುಹಾಕಿದಳು.

"ಹದಿಮೂರು ಮನೆಯೋರೂ ಬಂದು ನಿಂತಾಗ ಬಿಚ್ತೀನಿ. ಅಲ್ಲೀತನಕ ಯಾರು ಮುಟ್ಟಿದ್ರೂ ಚೌಡಿ ನೋಡ್ಕೊಳ್ಳಲಿ."

ಕನ್ನಮ್ಮ ಹಣೆ ಹಿಡಿದುಕೊಂಡಳು. "ಅತ್ತೆ, ಅದಕ್ಕೆ ಮೂವತ್ತು ದಿನದ ವಾಯಿದೆ ಅದೆ. ಸುಬ್ಬಕೃಷ್ಣಯ್ಯನೋರ ಹತ್ರ ವಾಪಸ್ ಬರೆಸ್ಬೇಕಿತ್ತು. ಕಟ್ಟಿಟ್ರೆ ಆಗಲ್ಲ."

"ನಂಗೆ ಬರೆಯೋರ ಮಾತು ತಿಳಿಯಲ್ಲ. ಅಮಲ್ದಾರ ಬರೆದ, ಊರು ಹೋತು. ಬ್ಯಾಂಕಿನೋನು ಬರೆದ, ದುಡ್ಡು ಹೋತು. ಚೌಡಿ ಏನೂ ಬರೆಯಲ್ಲ."

"ಈಗ್ಲೇ ಬಿಚ್ಚಿ ಕೊಡಿ. ನಾ ಹೋಗಿ ಬರೆಸ್ತೀನಿ."

"ಒಪ್ಪಿಸಿದ್ದು ಒಪ್ಪಿಸಿದ ಹಾಗೆ ಮಗ."

ಮುಡಿಪಿಗೆ ಕೈ ಹಾಕುವ ಧೈರ್ಯ ಹುಲಿಯಪ್ಪನಿಗೂ ಇರಲಿಲ್ಲ. ಚೌಡಿಯ ಕಲ್ಲನ್ನು ಅವನೂ ಚಿಕ್ಕಂದಿನಿಂದ ಹೆದರಿಯೇ ನೋಡಿದವನು. ಆದರೆ ದಿನಗಳು ಒಂದೊಂದಾಗಿ ಉದುರುತ್ತಿದ್ದವು. ಮಹಾಗಣಪತಿಗೆ ಬೇರೆ ಗಿರಾಕಿ ಬಂದನಂತೆ. ಮುಟ್ಟಲಾಗದ ಗಂಟಿನ ಸಿಟ್ಟು ಮುಟ್ಟಬಹುದಾದ ಹೆಂಡತಿಯ ಮೇಲೆ ತಿರುಗಿತು. ಸಾರಿಗೆ ಉಪ್ಪು ಕಡಿಮೆಯೆಂದು ಒಂದು ದಿನ, ರೇಷನ್ನಿನ ಕೆಂಪು ಜೋಳದ ರೊಟ್ಟಿ ಗಟ್ಟಿಯೆಂದು ಇನ್ನೊಂದು ದಿನ. ಒಮ್ಮೆ ಬಾವಿಯಿಂದ ಬರುತ್ತಿದ್ದವಳನ್ನು ಕೊಡದ ಸಮೇತ ನೂಕಿದ. ಒಮ್ಮೆ ಜಡೆ ಹಿಡಿದು ಚೌಡಿಯ ಕಲ್ಲಿನವರೆಗೆ ಎಳೆದೊಯ್ದು, "ನಿಮ್ಮತ್ತೆಗೆ ಹೇಳು, ಬಿಚ್ಚು ಅಂತ ಹೇಳು," ಎಂದು ತಲೆಯನ್ನು ನೆಲಕ್ಕೆ ಮೂರು ಸಲ ಕುಟ್ಟಿದ. ಬೆಳ್ಳಮ್ಮ ನಡುವೆ ಬಂದರೆ ತಾಯಿಯನ್ನು ಬದಿಗೆ ಸರಿಸುತ್ತಿದ್ದ, ಹೊಡೆಯುತ್ತಿರಲಿಲ್ಲ.

ಹೊಡೆದ ಮೇಲೂ ಕೆಲಸ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಭತ್ತ ಹುರಿಯಬೇಕು, ಒನಕೆ ಎತ್ತಬೇಕು. ಅವಲಕ್ಕಿ ಒಯ್ಯಲು ಬಂದ ಸುಬ್ಬಕೃಷ್ಣಯ್ಯನವರ ಮನೆಯಾಕೆ ವಿಶಾಲಾಕ್ಷಮ್ಮ ಒಮ್ಮೆ ಕನ್ನಮ್ಮನ ಕಪ್ಪುಗಟ್ಟಿದ ಕೆನ್ನೆ ನೋಡಿ ನಿಂತುಬಿಟ್ಟರು.

"ಬಿದ್ದೆಯಾ ಕನ್ನಮ್ಮ?"

"ಹೌದಮ್ಮ."

"ದಿನಾ ಬೀಳ್ತೀಯಲ್ಲೇ. ನಿಮ್ಮ ಅಂಗಳ ಅಷ್ಟು ಏರುತಗ್ಗು ಇದ್ದ ಹಾಗೆ ಕಾಣಲ್ಲ." ಅವರು ಸೇರಿನ ಕೂಲಿಯ ಮೇಲೆ ಎಂಟಾಣೆ ಹೆಚ್ಚಿಗೆ ಇಟ್ಟು, ದನಿ ತಗ್ಗಿಸಿ ಅಂದರು: "ನಮ್ಮನೆಯೋರು ಹೇಳಿದಾರೆ. ಪಾಲುದಾರರು ಯಾರಾದ್ರೂ ವಾಯಿದೆ ಒಳಗೆ ಬ್ಯಾಂಕಿಗೆ ತಕರಾರು ಹೇಳಿದ್ರೂ ಸಾಕಂತೆ."

ಆ ಎಂಟಾಣೆಯಿಂದ ಕನ್ನಮ್ಮ ಕಾರ್ಡು ತರಿಸಿದಳು. ಹನ್ನೆರಡು ಮನೆಗಳಲ್ಲಿ ವಿಳಾಸ ಗೊತ್ತಿದ್ದದ್ದು ನಾಲ್ಕರದು ಮಾತ್ರ. ಅವಳ ಮೂರನೇ ಇಯತ್ತೆಯ ಬರಹ ತುಕ್ಕು ಹಿಡಿದಿತ್ತು. ಹುಲಿಯಪ್ಪ ಡಿಪೋಕ್ಕೆ ಹೋದ ಮೇಲೆ ದುರ್ಗಿಯನ್ನು ಒಲೆಯ ಮುಂದೆ ಕೂರಿಸಿಕೊಂಡು ಹೇಳಿ ಬರೆಸಿದಳು.

"ಬ್ಯಾಂಕಿನಿಂದ ಎಲ್ಲರ ಹಣವೂ ಅತ್ತೆಯ ಹೆಸರಿಗೆ ಬಂದಿದೆ. ಬೇಗ ಬಂದು ಬ್ಯಾಂಕಿಗೆ ಹೇಳಿ. ಬರ್ದ್ಯಾ?"

"ಬರ್ದೆ. ಅಮ್ಮ, ಅಪ್ಪಯ್ಯಂಗೆ ಗೊತ್ತಾದ್ರೆ?"

"ಅಕ್ಷರ ದುಂಡಗೆ ಬರಿ ಮಗಾ."

ಕಾರ್ಡು ಹೋಗಿ ಎಂಟನೆಯ ದಿನ ತೀರ್ಥಹಳ್ಳಿಯಿಂದ ಹೂವಯ್ಯ ಬಂದ, ಜೊತೆಗೆ ಅಲ್ಲಿಯ ಉಳಿದೆರಡು ಮನೆಯ ಯಜಮಾನರು. ಕಾನುಗೋಡಿನಲ್ಲಿ ಇವರ ಬೇಲಿಗೆ ಬೇಲಿ ತಾಗಿದ ಮನೆಯವನು ಅವನು, ಈಗ ಅಡಿಕೆ ಮಂಡಿಯಲ್ಲಿ ತೂಕ ಹಾಕುತ್ತಿದ್ದ. ಕಾಲು ತೊಳೆದು ಜಗಲಿಯಲ್ಲಿ ಕೂತ. ಕನ್ನಮ್ಮ ಬೆಲ್ಲ, ನೀರು ತಂದಿಟ್ಟಳು. ಹನ್ನೆರಡು ಮನೆಯ ಪರವಾಗಿ ಬಂದಿದ್ದಾನೆಂದು ಅವಳ ಎದೆ ಹಗುರಾಗಿತ್ತು.

"ನೋಡು ಹುಲಿಯಪ್ಪ," ಹೂವಯ್ಯ ಬೆಲ್ಲ ಕಡಿದ. "ಜಗಳ ಬೇಡ. ನೀನೂ ನಮ್ಮೋನೇ. ನಾವು ಮೂವರು, ನೀನೊಬ್ಬ. ನಾನೂರ ಹನ್ನೆರಡನ್ನ ನಾಲ್ಕು ಪಾಲು ಮಾಡು. ತಲಾ ನೂರ ಮೂರು. ಶಿಕಾರಿಪುರದೋರಿಗೆ, ಸೊರಬದೋರಿಗೆ ಯಾರು ಹೇಳಕ್ಕೆ ಹೋಗ್ತಾರೆ?"

ಕನ್ನಮ್ಮ ಬಾಗಿಲಿನಿಂದ ಮುಂದೆ ಬಂದಳು.

"ಹೂವಯ್ಯಣ್ಣ, ನಾನು ಕರೆದಿದ್ದು ಇದಕ್ಕಲ್ಲ," ಬಾಯಿಂದ ಬಂದೇಬಿಟ್ಟಿತು.

ಹುಲಿಯಪ್ಪ ಹೆಂಡತಿಯ ಕಡೆ ನಿಧಾನವಾಗಿ ತಿರುಗಿದ. "ನೀ ಕರೆದ್ಯಾ?"

ಹೂವಯ್ಯ ಕಾರ್ಡನ್ನು ಜೇಬಿನಿಂದ ತೆಗೆದು ಜಗಲಿಯ ಮೇಲೆ ಎಸೆದ. "ಕರೆದೋರು ಯಾರಾದ್ರೇನು. ನಾಲ್ಕು ಪಾಲಿಗೆ ಒಪ್ತೀಯೋ, ನಾಳೆ ಸಾಗರಕ್ಕೆ ಹೋಗಿ ಕಳ್ಳರ ಮನೆ ಅಂತ ಬರೆಸ್ಲೋ?"

"ಕಳ್ಳರು ಅಂತ ನಮ್ಮ ಜಗಲಿ ಮೇಲೆ ಕೂತು ಹೇಳ್ತೀಯಾ?"

"ಜಗಲಿ ನಿಂದಾದ್ರೂ ಅದ್ರ ಅಂಚಿನ ಕಲ್ಲು ನಮ್ಮ ಬೇಲಿಂದು. ಊರು ಬಿಡೋವಾಗ ನೀನೇ ಹೊತ್ಕೊಂಡು ಬಂದಿದ್ದು."

ಹುಲಿಯಪ್ಪ ಬಾಗಿಲ ಹಿಂದಿದ್ದ ದೊಣ್ಣೆಗೆ ಕೈ ಹಾಕಿದ. ಮೊದಲ ಪೆಟ್ಟಿಗೇ ಹೂವಯ್ಯನ ತಲೆ ಒಡೆಯಿತು. ಉಳಿದಿಬ್ಬರು ಹುಲಿಯಪ್ಪನ ಮೇಲೆ ಬಿದ್ದರು. ಅಂಗಳದಲ್ಲಿ ಹರಡಿದ್ದ ವಿಶಾಲಾಕ್ಷಮ್ಮನವರ ಭತ್ತದ ಮೇಲೆ ನಾಲ್ವರೂ ಹೊರಳಾಡಿದರು. ಒಬ್ಬ ಹುಲಿಯಪ್ಪನ ಕಿವಿ ಕಚ್ಚಿದ, ಹುಲಿಯಪ್ಪ ಅವನ ಬೆರಳು ಹಿಂದಕ್ಕೆ ಮಡಿಸಿದ. ಚಟ್ಟೆಂದ ಸದ್ದು ಒಳಗೆ ಕೂತ ದುರ್ಗಿಗೂ ಕೇಳಿತು. ಅಕ್ಕಪಕ್ಕದವರು ಓಡಿಬಂದು ಬಿಡಿಸುವ ಹೊತ್ತಿಗೆ ಭತ್ತ ಕೆಂಪಾಗಿತ್ತು. ಹೂವಯ್ಯ ತಲೆಗೆ ಟವೆಲು ಒತ್ತಿಕೊಂಡು, ಉಳಿದಿಬ್ಬರ ಹೆಗಲು ಹಿಡಿದು, ಹಿಂದಿರುಗಿ ನೋಡದೆ ಬಸ್‌ಸ್ಟ್ಯಾಂಡಿಗೆ ಹೋದ. ಬ್ಯಾಂಕಿಗೆ ಹೋಗುವ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ. ಆಸ್ಪತ್ರೆಯಿಂದ ಅವನು ಏಳುವ ಹೊತ್ತಿಗೆ ವಾಯಿದೆ ಮುಗಿದಿರುತ್ತಿತ್ತು.

ಹುಲಿಯಪ್ಪ ಅಂಗಳದಿಂದ ಎದ್ದು ಬಂದು ಜಗಲಿಯ ಮೇಲಿದ್ದ ಕಾರ್ಡು ಎತ್ತಿಕೊಂಡ. ಅವನಿಗೆ ಓದು ಬರುತ್ತಿರಲಿಲ್ಲ. ಆದರೆ ದಿನವೂ ಮಗಳು ಸ್ಲೇಟಿನ ಮೇಲೆ ತಿದ್ದುತ್ತಿದ್ದ ದುಂಡು ಅಕ್ಷರ ಅವನಿಗೆ ಗುರುತಿತ್ತು.

"ದುರ್ಗೀ."

ಹುಡುಗಿ ಒಲೆಯ ಹತ್ತಿರದಿಂದ ಎದ್ದು ನಿಂತಳು. ಅವನ ಕೈಯಲ್ಲಿ ಈಗ ಒನಕೆಯಿತ್ತು. ಹೊಡೆಯುವುದಕ್ಕೋ ಹೆದರಿಸುವುದಕ್ಕೋ, ಎತ್ತಿದ. ಕನ್ನಮ್ಮ ನಡುವೆ ನುಗ್ಗಿ ಎಡಗೈ ಅಡ್ಡ ಕೊಟ್ಟಳು. ಮೊಣಕೈಯ ಕೆಳಗೆ ಮೂಳೆ ಮುರಿಯಿತು. ಅವಳು ಕೂಗಲಿಲ್ಲ, ಕೂಗಿದರೆ ಮಗು ಹೆದರುತ್ತದೆ ಎಂಬ ಒಂದೇ ಯೋಚನೆಯಿಂದ ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದಳು.

"ಸಾಕು, ಬಿಡೋ," ಬೆಳ್ಳಮ್ಮ ಮಗನ ಮುಂದೆ ನಿಂತಳು. "ಹೆಂಗಸರನ್ನ ಕೊಂದು ಎತ್ತು ಕಟ್ತೀಯಾ?"

"ಕಟ್ತೀನಿ."

ಆ ದಿನ ಅವನಿಗೆ ಚೌಡಿಯ ಹೆದರಿಕೆಯೂ ಬಿಟ್ಟುಹೋಗಿತ್ತು. ಮುಡಿಪನ್ನು ಗೂಟದಿಂದ ಕಿತ್ತು ಹಲ್ಲಿನಿಂದ ಗಂಟು ಹರಿದ. ಒಂದೂಕಾಲು ರೂಪಾಯಿ ನೆಲಕ್ಕೆ ಬಿದ್ದು ಚದುರಿತು. ಫಾರಮ್ಮನ್ನು ಒರಳಿನ ಕಟ್ಟೆಯ ಮೇಲೆ ಹಾಸಿ ತಾಯಿಯ ಕೈ ಎಳೆದ. ಬೆಳ್ಳಮ್ಮ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು. ಅರವತ್ತು ವರ್ಷ ಒನಕೆ ಹಿಡಿದ ಮುಷ್ಟಿ. ಅವನು ಒಂದೊಂದೇ ಬೆರಳು ಬಿಡಿಸಬೇಕಾಯಿತು. ಮಣಿಕಟ್ಟನ್ನು ಮಂಡಿಯ ಕೆಳಗೆ ಅದುಮಿಟ್ಟ. ಅವತ್ತಿನವರೆಗೆ ಅವನು ತಾಯಿಯ ಮೇಲೆ ಕೈ ಮಾಡಿದವನಲ್ಲ. ಶಾಯಿ ಇರಲಿಲ್ಲ. ಅವಲಕ್ಕಿ ಹುರಿಯುವ ಓಡನ್ನು ಬೋರಲು ಹಾಕಿ ತಳದ ಮಸಿಗೆ ಹೆಬ್ಬೆರಳು ಉಜ್ಜಿದ, ಫಾರಮ್ಮಿನ ಮೇಲೆ ಒತ್ತಿದ, ಸರಿಯಾಗಿ ಮೂಡಲಿಲ್ಲವೆಂದು ಇನ್ನೊಮ್ಮೆ ಉಜ್ಜಿ ಇನ್ನೊಮ್ಮೆ ಒತ್ತಿದ.

ಬೆಳ್ಳಮ್ಮ ಅಳಲಿಲ್ಲ. ಮಗನ ತಲೆಯಲ್ಲಿ ಅಂಟಿದ್ದ ಭತ್ತದ ಕಾಳನ್ನೇ ನೋಡುತ್ತಿದ್ದಳು. ಕನ್ನಮ್ಮ ನೋವಿನಲ್ಲಿ ಕಣ್ಣು ಕತ್ತಲೆ ಬರುತ್ತಿದ್ದರೂ ಮಗಳ ಮುಖವನ್ನು ತನ್ನ ಮಡಿಲಿಗೆ ಒತ್ತಿ ಹಿಡಿಯಲು ನೋಡಿದಳು. ದುರ್ಗಿ ತಲೆ ಬಗ್ಗಿಸಲಿಲ್ಲ. ಎಲ್ಲವನ್ನೂ ನೋಡಿದಳು.

ಸಾಕ್ಷಿಗೆ ಡಿಪೋದ ಮೇಸ್ತ್ರಿ ಒಂದು ಸೀಸೆ ಸಾರಾಯಿಗೆ ರುಜು ಹಾಕಿದ. ಆದರೆ ಹೆಬ್ಬೆಟ್ಟಿನ ಖಾತೆಗೆ ಹಣ ಕೊಡಬೇಕಾದರೆ ಖಾತೆದಾರರೇ ಬಂದು ನಿಲ್ಲಬೇಕೆಂದು ಅವನು ಹೇಳಿದಾಗ ಹುಲಿಯಪ್ಪ ಪೇಚಿಗೆ ಬಿದ್ದ. ನಾಲ್ಕು ದಿನ ಸೌಮ್ಯವಾಗಿದ್ದ. ತಾಯಿಗೆ ಎಲೆಅಡಿಕೆ ತಂದ. ಹೆಂಡತಿಯ ಕೈಗೆ ನಾಟಿ ವೈದ್ಯನ ಬಿದಿರಿನ ದಬ್ಬೆ ಕಟ್ಟಿಸಿದ.

"ಬರ್ತೀನಿ," ಬೆಳ್ಳಮ್ಮ ಕೊನೆಗೆ ಅಂದಳು. "ಕನ್ನಮ್ಮನೂ ಬರ್ಬೇಕು. ಸಾಗರದ ಆಸ್ಪತ್ರೆಗೆ ಅವಳ ಕೈ ತೋರ್ಸು. ಅದಾದ್ರೆ ಬರ್ತೀನಿ."

"ಮಗೂನ ಯಾರ ಹತ್ರ ಬಿಡೋದು?"

"ನನ್ನ ಸೀರೆ ಸೆರಗು ಬಿಡ್ತಿಲ್ಲ ಅದು. ಬರ್ಲಿ."

ಬಸ್ಸಿನಲ್ಲಿ ಗುಂಡಿ ಬಂದಾಗಲೆಲ್ಲ ಕನ್ನಮ್ಮನ ಮುರಿದ ಕೈಯನ್ನು ಬೆಳ್ಳಮ್ಮ ತನ್ನ ತೊಡೆಯ ಮೇಲೆ ಎತ್ತಿ ಹಿಡಿಯುತ್ತಿದ್ದಳು. ಹಿಂದಿನ ಸೀಟಿನಲ್ಲಿ ಹುಲಿಯಪ್ಪ ಕಂಡಕ್ಟರನ ಹತ್ತಿರ ರಿಪ್ಪನ್‌ಪೇಟೆಯ ಎತ್ತುಗಳ ಸುಳಿ ವರ್ಣಿಸುತ್ತಿದ್ದ. ಆಸ್ಪತ್ರೆಗೆ ಆಮೇಲೆ ಹೋದರಾಯಿತೆಂದು ಇಳಿದವನೇ ನೇರ ಬ್ಯಾಂಕಿಗೆ ಕರೆದೊಯ್ದ.

ಶಾಖೆ ನಡೆಸುವ ಬ್ಯಾಂಕಿನ ಏಜೆಂಟರು ನಡುವಯಸ್ಸಿನವರು, ಮಾತು ಮೆತ್ತಗೆ. ಫಾರಮ್ಮನ್ನು ಬೆಳಕಿಗೆ ಹಿಡಿದು ನೋಡಿದರು. ಬೆರಳಿಗೆ ಹತ್ತಿದ ಮಸಿಯನ್ನು ಉಜ್ಜಿಕೊಂಡರು.

"ಇದು ಶಾಯಿ ಅಲ್ಲ."

"ಮನೇಲಿ ಶಾಯಿ ಇರ್ಲಿಲ್ಲ ಸ್ವಾಮಿ," ಹುಲಿಯಪ್ಪ ಅಂದ. "ಅವ್ವ ಅವಸರ ಮಾಡಿದ್ಲು. ಹೆಣ್ಣೈಕ್ಳ ಅವಸರ, ನಿಮ್ಗೆ ಗೊತ್ತಲ್ಲ."

ಏಜೆಂಟರು ನಗಲಿಲ್ಲ. ಮೇಜಿನ ಮೇಲೆ ಅರ್ಜಿಯ ನಕಲಿತ್ತು; ಹದಿಮೂರು ಹೆಬ್ಬೆಟ್ಟುಗಳು ಸಾಲಾಗಿ ಕೂತಿದ್ದವು.

"ಅಜ್ಜೀ, ನಾನು ನಿಮ್ಮನ್ನೇ ಕೇಳ್ತಿದೀನಿ. ಈ ಹಣ ಪೂರ್ತಿ ನಿಮ್ಮದು ಅಂತ ಒಪ್ಪಿ ಈ ಹೆಬ್ಬೆಟ್ಟು ಹಾಕಿದೀರಿ ಅಂತ ಇದೆ. ಹೌದು ಅಂದ್ರೆ ಈಗ್ಲೇ ನಾನೂರ ಹನ್ನೆರಡು ಕೊಡ್ತೀನಿ, ಉಳಿದವ್ರು ಆಮೇಲೆ ಬಂದ್ರೂ ಏನೂ ಸಿಗಲ್ಲ. ಅಲ್ಲ ಅಂದ್ರೆ ಇದನ್ನ ವಾಪಸ್ ಕಳಿಸಿ ಹದಿಮೂರು ಖಾತೆಗೂ ಹಂಚಿ ಅಂತ ಬರೀತೀನಿ. ಮೂರ್ನಾಲ್ಕು ತಿಂಗಳು ಹಿಡಿಯುತ್ತೆ, ಆದ್ರೆ ಎಲ್ಲರಿಗೂ ಅವರವರದ್ದು ಬರುತ್ತೆ. ಹೇಳಿ. ನಿಮ್ಮ ಮನಸ್ಸಿಂದ ಹಾಕಿದ್ದಾ?"

ಬೆಳ್ಳಮ್ಮ ಬಾಗಿಲ ಕಡೆ ನೋಡಿದಳು. ಅಲ್ಲ ಎಂದರೆ ಮಗ ಏನು ಮಾಡಿದ ಎಂಬುದೂ ಹೇಳಬೇಕಾಗುತ್ತದೆ. ಬಾಗಿಲಲ್ಲಿ ಖಾಕಿ ಹಾಕಿದ ಜವಾನ ಬಂದೂಕು ಹಿಡಿದು ನಿಂತಿದ್ದ. ಅವನನ್ನು ಅವಳು ಪೊಲೀಸನೆಂದೇ ತಿಳಿದಿದ್ದಳು.

"ಹೌದು ಅನ್ನವ್ವ," ಹುಲಿಯಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ. "ಅನ್ನು. ಎತ್ತು ಕಾಯ್ತಾವೆ."

"ನೀವು ಸುಮ್ಮನಿರಿ," ಏಜೆಂಟರು ಅಂದು ಕನ್ನಮ್ಮನ ಕಡೆ ತಿರುಗಿದರು. ದಬ್ಬೆ ಕಟ್ಟಿದ ಕೈಯನ್ನೂ ಹುಬ್ಬಿನ ಕಲೆಯನ್ನೂ ನೋಡಿದರು. "ನೀವೇನಮ್ಮ ಹೇಳ್ತೀರಿ?"

ಕನ್ನಮ್ಮನಿಗೆ ಹೇಳುವುದಕ್ಕೆ ಬೇಕಾದಷ್ಟಿತ್ತು. ಆದರೆ ಸಂಜೆಯ ಬಸ್ಸಿಗೆ ಅವಳು ಇದೇ ಗಂಡನ ಜೊತೆ ಇದೇ ಮನೆಗೆ ಹೋಗಬೇಕು, ಮಗಳನ್ನು ಕರೆದುಕೊಂಡು. ಅವಳು ಕಲ್ಲುಹಾಸಿನ ನೆಲ ನೋಡಿದಳು. ಗೋಡೆಯ ಗಡಿಯಾರ ಒಂದೇ ಸಮನೆ ಕುಟ್ಟುತ್ತಿತ್ತು. ಏಜೆಂಟರು ಲೇಖನಿಯ ಮುಚ್ಚಳ ತೆಗೆದು, ಎರಡು ಕಾಗದಗಳ ನಡುವೆ ಕೈ ನಿಲ್ಲಿಸಿ ಕಾದರು.

ದುರ್ಗಿ ಅಜ್ಜಿಯ ಸೆರಗು ಬಿಟ್ಟಳು. ಮೇಜಿನ ಅಂಚಿಗೆ ಗಲ್ಲ ತಾಗುವಷ್ಟು ಮುಂದೆ ಬಂದು ಫಾರಮ್ಮಿನ ಮೇಲಿನ ಕಪ್ಪು ಗುರುತನ್ನು ನೋಡಿದಳು, ಅಜ್ಜಿಯ ಕೈ ನೋಡಿದಳು, ಅಪ್ಪನ ಕೈ ನೋಡಿದಳು. ಕನ್ನಮ್ಮ ಸರಿಯಿದ್ದ ಕೈಯಿಂದ ಅವಳ ಬಾಯಿ ಮುಚ್ಚಲು ಚಾಚಿದಳು. ಕೈ ಅರ್ಧಕ್ಕೆ ಹೋಗಿ ತಾನೇ ನಿಂತಿತು.

"ಅಜ್ಜಿ," ಹುಡುಗಿ ಎಲ್ಲರಿಗೂ ಕೇಳುವ ಹಾಗೆ ಅಂದಳು, "ಅಪ್ಪಯ್ಯ ನಿನ್ನ ಕೈಮೇಲೆ ಮಂಡಿ ಊರಿ ಒತ್ತಿದ್ನಲ್ಲ, ಆ ಹೆಬ್ಬೆಟ್ಟು ನಿಂದಾ, ಅಪ್ಪಯ್ಯಂದಾ?"